ಅಪ್ಡೇಟಿಗೆ ಅಮಾಸಿ ಗೊತ್ತುಮಾಡ್ರಿ: ಹಳೇ ಕಂಪ್ಯೂಟರ್ ಇಟ್ಕೊಂಡವ್ರಿಗೆ ಒಂದಿಷ್ಟು ದಾರಿ

ಗಂಗಾವತಿಯಾಗ ನಂದೊಂದು ಸಣ್ಣ ಡಿಟಿಪಿ ಅಂಗಡಿ ಐತ್ರಿ. ಲಗ್ನಪತ್ರಿಕೆ, ಝೆರಾಕ್ಸು, ಪಹಣಿ ಪ್ರಿಂಟು, ಕಾಲೇಜ್ ಹುಡುಗ್ರ ಸ್ಕಾಲರ್‌ಶಿಪ್ ಅರ್ಜಿ, ಸಂಜಿಗೆ ಒಂದು ಅಕ್ಕಿ ಮಿಲ್ಲಿನ ಟ್ಯಾಲಿ ಎಂಟ್ರಿ, ಹಿಂಗ ಏನ್ ಬರತೈತೋ ಅದನ್ನ ಮಾಡ್ತೀನಿ. ಮೂರು ಕಂಪ್ಯೂಟರ್ ಅದಾವ. ಒಂದು ಹೊಸಾದು, ಒಂದು ನಡುವಿಂದು, ಇನ್ನೊಂದು ಎಷ್ಟು ಹಳೇದು ಅಂದ್ರ ಅದರ ಫ್ಯಾನಿನಾಗ ಈ ಊರಿನ ಎಲ್ಲಾ ಮಿಲ್ಲಿನ ತೌಡಿನ ಧೂಳು ಬಂದು ಕುಂತೈತಿ.

ಒಂದು ವೈಶಾಖದಾಗ ಲಗ್ನದ ಸೀಸನ್ ಜೋರಿತ್ತು. ಪತ್ರಿಕೆ ಪ್ರೂಫ್ ನೋಡಾಕ ಗಿರಾಕಿ ಎದುರಿಗೇ ನಿಂತಿದ್ದ. ಪ್ರಿಂಟರ್ ಯಾಕೋ ತಗೊಳ್ಳವಲ್ದು ಅಂತ ರೀಸ್ಟಾರ್ಟ್ ಕೊಡಾಕ ಹೋದೆ, ಅವಸರದಾಗ ಒತ್ತಿದ್ದು 'ಅಪ್ಡೇಟ್ ಅಂಡ್ ರೀಸ್ಟಾರ್ಟ್'. ನೀಲಿ ಸ್ಕ್ರೀನಿನಾಗ ಪರ್ಸೆಂಟೇಜ್ ಏರಾಕ ಹತ್ತಿತು, ಅರ್ಧಕ್ಕ ಬಂದಿತ್ತೋ ಇಲ್ಲೋ, ಕರೆಂಟ್ ಹೋತು. ಯುಪಿಎಸ್ ಇತ್ತು, ಆದ್ರ ಅದರ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು, ನಾನ ಇವತ್ತು ನಾಳೆ ಅಂತ ದೂಡಿದ್ದೆ, ಅದು ಪೂರಾ ನಂದ ತಪ್ಪು. ಕರೆಂಟ್ ಬಂದ ಮ್ಯಾಲೆ ಮಷಿನ್ನು ಮಾಡಿದ್ದನ್ನೆಲ್ಲಾ ಹಿಂದಕ್ಕ ತಗೊಂತ ಎರಡು ತಾಸು ಕುಂತ್ಬಿಡ್ತು. ಗಿರಾಕಿ ಒಂದ ಮಾತು ಅಂದ: "ಯಣ್ಣಾ, ಮುಹೂರ್ತ ಅಂತೂ ಮುಂದಕ್ಕ ಹಾಕಾಕ ಬರಂಗಿಲ್ಲ, ನಿನ್ನ ಅಪ್ಡೇಟರ ಮುಂದಕ್ಕ ಹಾಕಾಕ ಬರತೈತೇನು ನೋಡು."

ಬರತೈತ್ರಿ. ಅದನ್ನ ನಾನು ಕಲಿತಿದ್ದು ಆಮ್ಯಾಲ.

ಮೊದ್ಲ ಹೇಳ್ಬಿಡ್ತೀನಿ, ಅಂಗಡಿಗೆ ಬಂದು "ಈ ಅಪ್ಡೇಟ್ ಪೂರಾ ಬಂದ್ ಮಾಡಿ ಕೊಡು" ಅಂತ ಕೇಳೋರು ಬಾಳ ಮಂದಿ ಅದಾರ, ನಾನು ಮಾಡಿಕೊಡಂಗಿಲ್ಲ. ನಮ್ಮಂಥ ಅಂಗಡಿ ಮಷಿನ್ನಿನಾಗ ಊರ ಮಂದಿ ಆಧಾರ್ ಸ್ಕ್ಯಾನು, ಪಾಸ್‌ಬುಕ್ಕು ಬಿದ್ದಿರ್ತಾವ, ಊರಿನ ಪೆನ್‌ಡ್ರೈವೆಲ್ಲಾ ಬಂದು ಇದಕ್ಕ ಬಾಯಿ ಇಡ್ತಾವ, ಅಂಥಾದ್ದಕ್ಕ ಸೆಕ್ಯುರಿಟಿ ಪ್ಯಾಚ್ (ಕಳ್ಳದಾರಿ ಮುಚ್ಚೋ ತೇಪಿ) ಇಲ್ದ ಇಡೋದು ಅಂದ್ರ ರಾತ್ರಿ ಶಟರ್ ಎತ್ತಿಟ್ಟು ಮನಿಗೆ ಹೋದಂಗ. ನಮಗ ಬೇಕಾಗಿದ್ದು ಒಂದ, ಅದು ಬರೋ ಟೈಮು ನಮ್ಮ ಕೈಯಾಗ ಇರ್ಬೇಕು.

ಅಮಾಸಿ ಲೆಕ್ಕ

ವಿಂಡೋಸಿನ ತಿಂಗಳ ಅಪ್ಡೇಟ್ ಬರೋದು ಪ್ರತಿ ತಿಂಗಳ ಎರಡನೇ ಮಂಗಳವಾರ, ಅಮೆರಿಕದ ಟೈಮಿನಾಗ. ಅಂದ್ರ ನಮಗ ಮಂಗಳವಾರ ರಾತ್ರಿ, ಅಂಗಡಿ ತೆಗೆಯೋದ್ರಾಗ ಬುಧವಾರ ಮುಂಜಾನಿ. ಬುಧವಾರ ಮುಂಜಾನಿ ಯಾಕ ನೆಟ್ ಮೆತ್ತಗ ಆಗತೈತಿ ಅಂತ ತಲಿ ಕೆಡಿಸ್ಕೊಂಡಿದ್ರ ಇದೂ ಒಂದು ಕಾರಣ ಇರಬಹುದು.

ಸೆಟ್ಟಿಂಗ್ಸಿನಾಗ ವಿಂಡೋಸ್ ಅಪ್ಡೇಟ್ ಒಳಗ ಹೋದ್ರ 'ಪಾಸ್ ಅಪ್ಡೇಟ್ಸ್' (Pause, ಅಂದ್ರ ತಡೆದು ನಿಲ್ಸೋದು) ಅಂತ ಐತಿ. ಹೆಚ್ಚಂದ್ರ 35 ದಿನ ನಿಲ್ಲಿಸಬಹುದು, ಅದು ಮುಗಿದ ಮ್ಯಾಲೆ ಬಾಕಿ ಇದ್ದಿದ್ದನ್ನ ಹಾಕ್ಕೊಳ್ಳದ ಮತ್ತ ನಿಲ್ಸಾಕ ಬಿಡಂಗಿಲ್ಲ. ಇಲ್ಲಿ ನಮ್ಮ ಪಂಚಾಂಗ ಉಪಯೋಗಕ್ಕ ಬರತೈತಿ ನೋಡ್ರಿ. ಅಮಾಸಿಯಿಂದ ಅಮಾಸಿಗೆ 29 ಇಲ್ಲಾ 30 ದಿನ, 35ರ ಒಳಗ ಆರಾಮ ಕೂಡತೈತಿ. ಅಮಾಸಿ ದಿನ ಹೆಂಗೂ ಗಿರಾಕಿ ಕಡಿಮಿ, ಲಗ್ನದ ಕೆಲಸ ಯಾರೂ ತರಂಗಿಲ್ಲ, ಮಷಿನ್ನಿಗೆ ಪೂಜಿ ಮಾಡಿ, ಕಾಯಿ ಒಡೆದು, ಪಾಸ್ ತಗೆದು, ವಿಂಡೋಸ್ ಇರೋ ಮಷಿನ್ನೆಲ್ಲಾ ಅಪ್ಡೇಟಿಗೆ ಹಚ್ಚಿ, ಮುಗಿದ ಮ್ಯಾಲೆ ಮತ್ತ 35 ದಿನ ಪಾಸ್ ಒತ್ತಿಬಿಡ್ತೀನಿ. ಇದರಾಗ ಇನ್ನೊಂದು ಲಾಭ ಏನಂದ್ರ ಯಾವುದರ ಅಪ್ಡೇಟಿನಾಗ ತಪ್ಪಿದ್ರ ಸಾಮಾನ್ಯವಾಗಿ ಮೊದಲ ಒಂದು ವಾರದಾಗ ಜಗತ್ತೆಲ್ಲಾ ಕೂಗಾಡಿ ಗೊತ್ತಾಗಿರತೈತಿ, ಅಮಾಸಿ ಬರೋದ್ರಾಗ ಬಹಳ ಸಲ ಅದನ್ನ ಸರಿ ಮಾಡಿರ್ತಾರ. ನಡುವ ಏನರ ದೊಡ್ಡ ತೂತು ಸಿಕ್ಕೈತಿ, ಕೂಡ್ಲೆ ಹಾಕ್ಕೊಳ್ರಿ ಅಂತ ಸುದ್ದಿ ಬಂತಂದ್ರ ಮಾತ್ರ ಅಮಾಸಿ ಕಾಯಬ್ಯಾಡ್ರಿ.

ಇದರ ಜೊತಿಗೆ 'ಆ್ಯಕ್ಟಿವ್ ಅವರ್ಸ್' ಅನ್ನೋದನ್ನ ನೀವ ತುಂಬ್ರಿ, 18 ತಾಸಿನ ತನಕ ಕೊಡಾಕ ಬರತೈತಿ, ನಂದು ಮುಂಜಾನಿ 7ರಿಂದ ರಾತ್ರಿ 11. ಆ ಹೊತ್ತಿನಾಗ ಅದು ತಾನಾಗೇ ರೀಸ್ಟಾರ್ಟ್ ಆಗಂಗಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ಮ್ಯಾಲೆ ನಡೆಸೋರು ಆ ವೈಫೈ ಹೆಸರಿನ ಪ್ರಾಪರ್ಟೀಸಿಗೆ ಹೋಗಿ 'ಮೀಟರ್ಡ್ ಕನೆಕ್ಷನ್' ಆನ್ ಮಾಡ್ರಿ, ಇಲ್ಲಂದ್ರ ದಿನದ ಡೇಟಾ ಮಧ್ಯಾಹ್ನಕ್ಕ ಖಾಲಿ. ಮತ್ತ ಯುಪಿಎಸ್ ಬ್ಯಾಟರಿ. ಅದರ ಬಗ್ಗೆ ನಾನು ಹೇಳೋದು ಬ್ಯಾಡ, ಮ್ಯಾಲೆ ಓದಿರಲ್ಲ. ಲ್ಯಾಪ್‌ಟಾಪ್ ಆದ್ರ ಪೂರಾ ಚಾರ್ಜ್ ಮಾಡಿ, ಚಾರ್ಜರ್ ಹಚ್ಚೇ ಕೂಡ್ರಸ್ರಿ.

ನಡುವ ಸಿಕ್ಕೊಂಡ್ರ ಏನ್ಮಾಡೋದು

ಪರ್ಸೆಂಟೇಜ್ ಒಂದ ಕಡೆ ನಿಂತೈತಿ ಅಂತ ಗಾಬರಿ ಬಿದ್ದು ಆಫ್ ಮಾಡಬ್ಯಾಡ್ರಿ, ಹಾರ್ಡ್‌ಡಿಸ್ಕ್ ಲೈಟ್ ಮಿಣುಕಾಕ ಹತ್ತಿದ್ರ ಅದು ಕೆಲಸದಾಗ ಐತಿ ಅಂತ ತಿಳ್ಕೊಂಡು ಚಾ ಕುಡಿದು ಬರ್ರಿ. ಹಳೇ ಹಾರ್ಡ್‌ಡಿಸ್ಕಿನಾಗ ಎರಡು ಮೂರು ತಾಸು ಹಿಡಿಯೋದು ಇದ್ದಿದ್ದ.

ಅಪ್ಡೇಟ್ ಆದಮ್ಯಾಲೆ ಪ್ರಿಂಟರ್ ಹೋತು, ಸ್ಕ್ಯಾನರ್ ಹೋತು ಅಂದ್ರ 'ಅಪ್ಡೇಟ್ ಹಿಸ್ಟರಿ' ಒಳಗ 'ಅನ್‌ಇನ್‌ಸ್ಟಾಲ್ ಅಪ್ಡೇಟ್ಸ್' ಐತಿ, ತಾರೀಖು ನೋಡಿ ಕಡೀದನ್ನ ತಗೀರಿ. 10ರಿಂದ 11ಕ್ಕ ಹೋದಂಗ ದೊಡ್ಡ ಬದಲಾವಣಿ ಆಗಿದ್ರ ಹಿಂದಕ್ಕ ಬರಾಕ 10 ದಿನ ಟೈಮ್ ಕೊಡ್ತಾರ, ರಿಕವರಿ ಒಳಗ 'ಗೋ ಬ್ಯಾಕ್' ಇರತೈತಿ. ಜಾಗ ಸಾಲವಲ್ದು ಅಂತ 'ವಿಂಡೋಸ್ ಡಾಟ್ ಓಲ್ಡ್' ಫೋಲ್ಡರ್ ಆ ಹತ್ತು ದಿನದಾಗ ಅಳಿಸಿಬಿಟ್ರ ಆ ದಾರಿ ಮುಚ್ಚಿದಂಗ.

ಮಷಿನ್ನು ಚಾಲೂನ ಆಗವಲ್ದು ಅಂದ್ರ, ಆನ್ ಮಾಡಿ ಲೋಗೋ ಬಂದ ಕೂಡ್ಲೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡ್ರಿ, ಹಿಂಗ ಎರಡು ಮೂರು ಸಲ ಮಾಡಿದ್ರ ಅದ ರಿಪೇರಿ ಸ್ಕ್ರೀನಿಗೆ ಹೋಗತೈತಿ, ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅದರಾಗೂ ಅಪ್ಡೇಟ್ ತಗಿಯೋ ಬಟನ್ ಐತಿ. ಆ ಹೊತ್ತಿನಾಗ ಕೆಲವು ಮಷಿನ್ 48 ಅಂಕಿಯ ಬಿಟ್‌ಲಾಕರ್ ಕೀ ಕೇಳ್ತಾವ, ಯಾಕಂದ್ರ ಹೊಸ ಲ್ಯಾಪ್‌ಟಾಪಿನಾಗ ನಾವು ಕೇಳ್ಲಿ ಬಿಡ್ಲಿ ಡಿಸ್ಕ್ ಎನ್‌ಕ್ರಿಪ್ಷನ್ (ಡಿಸ್ಕಿಗೆ ಹಾಕೋ ಗುಪ್ತ ಬೀಗ) ಆನ್ ಆಗಿರಬಹುದು. ಕೀ ಇಲ್ಲಂದ್ರ ಒಳಗಿನ ಫೋಟೊ, ಫೈಲು ಎಲ್ಲಾ ಹೋದಂಗ, ಯಾವ ರಿಪೇರಿಯವನೂ ತಗದುಕೊಡಂಗಿಲ್ಲ. ಇವತ್ತ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ ಆ ಕೀ ನೋಡಿ, ಕಾಗದದ ಮ್ಯಾಲೆ ಬರೆದು, ಮನಿ ಪತ್ರದ ಜೊತಿ ಇಡ್ರಿ. ಮೊಬೈಲಿನಾಗ ಫೋಟೊ ಹೊಡೆದ್ರ ಸಾಲದು, ಮೊಬೈಲೂ ಕಳೀತಾವ.

ಯಾವ ಮಷಿನ್ನಿಗೆ ಯಾವ ಗತಿ

ವಿಂಡೋಸ್ 10 ಬಂದಿದ್ದು 2015ರ ಜುಲೈನಾಗ, ಅದರ ಸಪೋರ್ಟ್ ಮುಗಿದಿದ್ದು 2025ರ ಅಕ್ಟೋಬರ್ 14ಕ್ಕ. ಮುಗೀತು ಅಂದ್ರ ಮಷಿನ್ ನಿಂತುಬಿಡತೈತಿ ಅಂತ ಅಲ್ಲ, ಪ್ಯಾಚ್ ಬರೋದು ನಿಂತಿತು ಅಷ್ಟ. ಮನಿ ಬಳಕೆಯವ್ರಿಗೆ 2026ರ ಅಕ್ಟೋಬರ್ 13ರ ತನಕ ಇಎಸ್‌ಯು ಅಂತ ಒಂದು ವರ್ಷದ ಹೆಚ್ಚಿನ ಪ್ಯಾಚ್ ಇಟ್ಟಾರ, 22ಎಚ್2 ವರ್ಷನ್ ಇದ್ದು, ಮೈಕ್ರೋಸಾಫ್ಟ್ ಅಕೌಂಟಿನಾಗ ಸೆಟ್ಟಿಂಗ್ ಬ್ಯಾಕಪ್ ಆನ್ ಮಾಡಿದ್ರ ರೊಕ್ಕ ಇಲ್ದ ಸಿಗತೈತಿ. ಇದು ಉಸಿರು ತಗೊಳ್ಳಾಕ ಕೊಟ್ಟ ಟೈಮು, ಕಾಯಂ ಅಲ್ಲ.

ವಿಂಡೋಸ್ 11ಕ್ಕ ಟಿಪಿಎಂ 2.0 (ಬೀಗದ ಕೀ ಕಾಯೋ ಭದ್ರತಾ ಚಿಪ್) ಬೇಕು, ಸೆಕ್ಯೂರ್ ಬೂಟ್ (ಚಾಲೂ ಆಗೋವಾಗ ಖೊಟ್ಟಿ ಸಾಫ್ಟ್‌ವೇರ್ ತಡಿಯೋದು) ಬೇಕು, 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಪ್ರೊಸೆಸರ್ ಇಂಟೆಲ್ ಆದ್ರ ಹೆಚ್ಚುಕಡಿಮಿ 8ನೇ ಜನರೇಷನ್ನಿಂದ ಮ್ಯಾಲೆ. 'ಪಿಸಿ ಹೆಲ್ತ್ ಚೆಕ್' ಅನ್ನೋ ಆ್ಯಪ್ ಹಾಕಿ ನೋಡಿದ್ರ ಹೌದೋ ಅಲ್ಲೋ ಹೇಳತೈತಿ. ಟಿಪಿಎಂ ಇಲ್ಲ ಅಂದ್ರ ಕೂಡ್ಲೆ ಹೊಸ ಮಷಿನ್ ತಗೊಳ್ಳಾಕ ಓಡಬ್ಯಾಡ್ರಿ, ಪ್ರೊಸೆಸರ್ ಸಾಕಷ್ಟು ಹೊಸಾದಿದ್ರ ಬಯಾಸ್ (ವಿಂಡೋಸ್ ಚಾಲೂ ಆಗೋಕಿನ ಮೊದ್ಲಿನ ಮಷಿನ್ ಸೆಟ್ಟಿಂಗ್) ಒಳಗ ಅದು ಬಂದ್ ಆಗಿರಬಹುದು, ಇಂಟೆಲ್ಲಿನಾಗ ಪಿಟಿಟಿ ಅಂತ, ಎಎಂಡಿಯಾಗ ಎಫ್‌ಟಿಪಿಎಂ ಅಂತ ಹೆಸರು. ಆನ್ ಮಾಡೋಕಿನ ಮೊದ್ಲು ಆ 48 ಅಂಕಿ ಬರಕೊಂಡೀರಿಲ್ಲೋ ನೋಡ್ಕೊಳ್ರಿ. ಚೆಕ್ ತಪ್ಪಿಸಿ 11 ಹಾಕಿಕೊಡ್ತೀನಿ ಅನ್ನೋ ಹುಡುಗ್ರು ಸಿಗ್ತಾರ, ಹಾಕಾಕೂ ಬರತೈತಿ, ಆದ್ರ ಮುಂದಿನ ಅಪ್ಡೇಟಿಗೆ ಗ್ಯಾರಂಟಿ ಇಲ್ಲ, ನಾನಂತೂ ಅಂಗಡಿ ಮಷಿನ್ನಿಗೆ ಹಂಗ ಮಾಡಂಗಿಲ್ಲ. ಗೆಳೆಯ ಕೊಟ್ಟ ಪೆನ್‌ಡ್ರೈವಿನಾಗಿನ ಕ್ರ್ಯಾಕ್ ವಿಂಡೋಸ್ ಅಂತೂ ಮುಟ್ಟಂಗೇ ಇಲ್ಲ.

ಇನ್ನ ಒಂದು ಹಾಳಿ ತಗೊಂಡು ಪ್ರತಿ ಮಷಿನ್ನಿನ ಹೆಸರು ಬರೆದು ಅದರಾಗ ದಿನಾ ಯಾವ ಕೆಲಸ ಆಗತೈತಿ ಬರೀರಿ. ಇದ ಎಲ್ಲಕ್ಕಿಂತ ಮುಖ್ಯ, ಇದನ್ನ ಬಿಟ್ಟು ಲಿನಕ್ಸ್ (ವಿಂಡೋಸಿನ ಬದ್ಲಿ ಹಾಕೋ ಪುಕ್ಕಟೆ ಸಿಸ್ಟಮ್) ಹಾಕಿ ಬೈಕೊಂಡೋರನ್ನ ನೋಡೀನಿ. ಟ್ಯಾಲಿಪ್ರೈಮ್ ವಿಂಡೋಸಿಗೆ ಮಾಡಿದ್ದು, ಆಧಾರಿಗೆ ಬೆರಳಿನ ಗುರ್ತು ತಗೊಳ್ಳೋ ಮಷಿನ್ನಿನ ಆರ್‌ಡಿ ಸರ್ವಿಸ್ ಅನ್ನೋ ಸಾಫ್ಟ್‌ವೇರ್ ಹೆಚ್ಚಾಗಿ ವಿಂಡೋಸ್ ಇಲ್ಲಾ ಆಂಡ್ರಾಯ್ಡಿಗೆ, ಪೇಜ್‌ಮೇಕರ್ ಅನ್ನೋ ಪುಟ ಕೂಡ್ಸೋ ಸಾಫ್ಟ್‌ವೇರಿನ ಹಳೇ ಫೈಲು ಇದ್ರ ಅದೂ ವಿಂಡೋಸ್. ಈ ಮೂರರಾಗ ಒಂದಿದ್ರೂ ಆ ಮಷಿನ್ ವಿಂಡೋಸಿನಾಗೇ ಇರ್ಲಿ, 11 ಹತ್ತೋದಾದ್ರ ಹತ್ತಿಸ್ರಿ. ಉಳಿದದ್ದು, ಅಂದ್ರ ಪಹಣಿ, ಸೇವಾ ಸಿಂಧು, ಸ್ಕಾಲರ್‌ಶಿಪ್, ರಿಸಲ್ಟು, ರೈಲ್ವೆ ಟಿಕೆಟ್ಟು, ಬಯೋಡಾಟಾ ಟೈಪಿಂಗು, ಇದೆಲ್ಲಾ ಬ್ರೌಸರಿನಾಗ, ಸಾದಾ ಆಫೀಸಿನಾಗ ಆಗೋ ಕೆಲಸ, ಇದಕ್ಕ ವಿಂಡೋಸ್ ಬೇಕ ಬೇಕು ಅಂತಿಲ್ಲ. ನನ್ನ ಹಾಳಿಯಾಗ ಹೊಸ ಮಷಿನ್ನಿಗೆ ಟ್ಯಾಲಿ, ನಡುವಿಂದಕ್ಕ ಪತ್ರಿಕೆ ಕೆಲಸ, ತೌಡಿನ ಮಷಿನ್ನಿಗೆ ಆನ್‌ಲೈನ್ ಅರ್ಜಿ ಬಂತು. ಲಿನಕ್ಸಿಗೆ ಹೋಗಿದ್ದು ಆ ತೌಡಿನ ಮಷಿನ್ ಒಂದ.

ಮೊದ್ಲು ಸಾಫ್ಟ್‌ವೇರ್, ಆಮ್ಯಾಲ ವಿಂಡೋಸ್

ಒಂದ ದಿನ ಎಲ್ಲಾ ಬದಲಿ ಮಾಡಿದ್ರ ಕೈ ಕಟ್ಟಿಹಾಕಿದಂಗ ಆಗತೈತಿ. ವಿಂಡೋಸ್ ಇದ್ದಂಗ ಇರ್ಲಿ, ಅದರಾಗೇ ಬದಲಿ ಸಾಫ್ಟ್‌ವೇರ್ ಹಾಕಿ ಒಂದು ತಿಂಗಳು ನಡಸ್ರಿ, ಯಾಕಂದ್ರ ಇವೆಲ್ಲಾ ಎರಡೂ ಕಡೆ ನಡೀತಾವ. ಬ್ರೌಸರಿಗೆ ಫೈರ್‌ಫಾಕ್ಸ್, ವಿಡಿಯೊಕ್ಕ ವಿಎಲ್‌ಸಿ, ಇವು ಹೇಳೋದ ಬ್ಯಾಡ.

ಆಫೀಸಿಗೆ ಲಿಬ್ರೆಆಫೀಸ್. 2010ರಾಗ ಓಪನ್‌ಆಫೀಸಿನಿಂದ ಒಡೆದು ಬಂದಿದ್ದು, ಕನ್ನಡದಾಗೂ ಮೆನು ಐತಿ. ವರ್ಡ್ ಫೈಲು, ಎಕ್ಸೆಲ್ ಫೈಲು ತೆಗೀತೈತಿ. ಲೈನ್ ಆಚೆ ಈಚೆ ಹೋಗೋದು ಹೆಚ್ಚಾಗಿ ಫಾಂಟಿನ ಸಲುವಾಗಿ, ಕ್ಯಾಲಿಬ್ರಿ ಇಲ್ದ ಕಡೆ ಕಾರ್ಲಿಟೊ, ಕೇಂಬ್ರಿಯಾ ಇಲ್ದ ಕಡೆ ಕ್ಯಾಲಡಿಯಾ ಹಾಕ್ಕೊಂಡ್ರ ಅಕ್ಷರದ ಅಗಲ ಅಷ್ಟಕ್ಕಷ್ಟ ಕೂಡತೈತಿ. ಎಕ್ಸೆಲ್ಲಿನಾಗ ಮ್ಯಾಕ್ರೊ ಬರೆದಿದ್ದ ಶೀಟ್ ಇದ್ರ ಅದು ಪೂರಾ ನಡೀತೈತಿ ಅಂತ ನಂಬಬ್ಯಾಡ್ರಿ. ಬ್ಯಾರೆಯವ್ರಿಗೆ ಕಳಿಸೋದಿದ್ರ ಪಿಡಿಎಫ್ ಮಾಡಿ ಕಳಿಸ್ರಿ, ಜಗಳ ಇಲ್ಲ.

ಬ್ಯಾನರಿನ ಪಿಎಸ್‌ಡಿ (ಫೋಟೋಶಾಪಿನ) ಫೈಲಿಗೆ ಬ್ರೌಸರಿನಾಗೇ ನಡಿಯೋ ಫೋಟೋಪಿ ಚಲೋ ಐತಿ, ಏನೂ ಇನ್‌ಸ್ಟಾಲ್ ಬ್ಯಾಡ. ಜಿಂಪ್ ಗಟ್ಟಿ ಸಾಫ್ಟ್‌ವೇರ್, ಆದ್ರ ಫೋಟೋಶಾಪಿನಾಗ ಪಳಗಿದ ಕೈಗೆ ಮೊದಲ ವಾರ ಸಿಟ್ಟು ಬರತೈತಿ. ಪತ್ರಿಕೆ, ಕಾರ್ಡು ಡಿಸೈನಿಗೆ ಇಂಕ್‌ಸ್ಕೇಪ್, ಪುಸ್ತಕದಂಥ ಪೇಜ್ ಕೆಲಸಕ್ಕ ಸ್ಕ್ರೈಬಸ್, 1.6ರಿಂದ ಮ್ಯಾಲಿನ ವರ್ಷನ್ ಹಾಕ್ರಿ, ಹಳೇದ್ರಾಗ ಕನ್ನಡ ಒತ್ತಕ್ಷರ ಸರಿ ಕೂಡಂಗಿಲ್ಲ.

ನುಡಿ ಫೈಲಿನ ಗಂಟು

ನಿಜವಾದ ತ್ರಾಸು ಇರೋದು ಇಲ್ಲಿ, ಇದನ್ನ ಯಾರೂ ಮೊದ್ಲ ಹೇಳಂಗಿಲ್ಲ. ನಮ್ಮ ಅಂಗಡಿಗಳಾಗ ಹದಿನೈದು ಇಪ್ಪತ್ತು ವರ್ಷದಿಂದ ಕೂಡಿದ ಕನ್ನಡ ಫೈಲು ಎಲ್ಲಾ ನುಡಿ ಇಲ್ಲಾ ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟಿನಾಗ ಅದಾವ. ಆ ಫಾಂಟ್ ಏನ್ ಮಾಡತೈತಿ ಅಂದ್ರ ಒಳಗ ಇಂಗ್ಲಿಷ್ ಅಕ್ಷರದ ನಂಬರನ್ನ ಇಟ್ಟು ಮ್ಯಾಲೆ ಕನ್ನಡದ ಚಿತ್ರ ತೋರಿಸತೈತಿ. ಫಾಂಟ್ ಇರೋತನಕ ಚಂದ, ಫಾಂಟ್ ಇಲ್ದ ಮಷಿನ್ನಿನಾಗ ತಗದ್ರ ಟೋಪಿ ಹಾಕ್ಕೊಂಡ ಇಂಗ್ಲಿಷ್ ಅಕ್ಷರದ ಸಾಲು. ಪೇಜ್‌ಮೇಕರ್ ಕಡೀ ವರ್ಷನ್ 7 ಬಂದಿದ್ದು 2001ರಾಗ, ಅದಕ್ಕ ಯೂನಿಕೋಡ್ (ಕನ್ನಡ ಅಕ್ಷರಕ್ಕ ತನ್ನದ ನಂಬರ್ ಇರೋ ಪದ್ಧತಿ) ಕನ್ನಡ ಗೊತ್ತ ಇಲ್ಲ, ಅದಕ್ಕ ನಾವೂ ಆಸ್ಕಿಯಾಗೇ ಉಳದೀವಿ.

ಹಳೇ ಫೈಲು ಬರೀ ನೋಡಾಕ, ಪ್ರಿಂಟ್ ತಗಿಯಾಕ ಆದ್ರ ಆ ನುಡಿ ಫಾಂಟಿನ ಟಿಟಿಎಫ್ ಫೈಲುಗಳನ್ನ ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ಪೆನ್‌ಡ್ರೈವಿಗೆ ತಗೊಂಡು ಲಿನಕ್ಸಿನಾಗ ಹಾಕಿದ್ರ ಸಾಕು, ಲಿಬ್ರೆಆಫೀಸಿನಾಗ ವರ್ಡ್ ಫೈಲು ಕನ್ನಡದಾಗೇ ಕಾಣಿಸ್ತಾವ. ತಿದ್ದೋದಿದ್ರ ಯೂನಿಕೋಡಿಗೆ ಬದಲಿಸ್ರಿ, ನುಡಿ, ಬರಹ ಎರಡರ ಜೊತಿಗೂ ಕನ್ವರ್ಟರ್ ಬರತೈತಿ. ಬದಲಿಸಿದ ಮ್ಯಾಲೆ ಅರ್ಕಾವೊತ್ತು, ಕೆಳಗ ಎರಡು ಒತ್ತು ಬರೋ ಅಕ್ಷರ, ಅಂಕಿ, ನಡುವ ಬಂದ ಇಂಗ್ಲಿಷ್ ಶಬ್ದ, ಈ ನಾಲ್ಕು ಕಡೆ ಕಣ್ಣಾಡಸ್ರಿ. ಇಂಗ್ಲಿಷ್ ಶಬ್ದ ಇದ್ರ ಅದನ್ನೂ ಕನ್ನಡ ಅಂತ ತಿಳ್ಕೊಂಡು ಕಲಸಿಬಿಡತೈತಿ. ಪತ್ರಿಕೆಯಾಗ ವರನ ಹೆಸರಿನ ಮುಂದಿನ ಬಿ.ಇ. ಅನ್ನೋದು ಏನೋ ಆಗಿ ಬಂದಿದ್ದನ್ನ ಪ್ರೂಫಿನಾಗ ಹಿಡದೆ, ಇಲ್ಲಂದ್ರ ಬೀಗರ ಜಗಳ ನನ್ನ ತಲಿ ಮ್ಯಾಲೆ. ಎಲ್ಲಾ ಫೈಲು ಒಂದ ಸಲ ಬದಲಿಸೋ ಹುಚ್ಚಿಗೆ ಬೀಳಬ್ಯಾಡ್ರಿ, ಗಿರಾಕಿ ಮತ್ತ ಬಂದು ಕೇಳಿದ ಫೈಲಷ್ಟ ಬದಲಿಸ್ಕೊಂತ ಹೋಗ್ರಿ.

ಟೈಪಿಂಗ್ ಮರೀಬೇಕಾಗತೈತಿ ಅಂತ ಹೆದರೋರಿಗೆ ಒಂದು ಸಿಹಿ ಸುದ್ದಿ. ಲಿನಕ್ಸಿನಾಗ ಐಬಸ್ ಎಂ17ಎನ್ ಅನ್ನೋ ಪ್ಯಾಕೇಜ್ ಹಾಕಿದ್ರ ಅದರಾಗ ಕನ್ನಡಕ್ಕ ಕೆಜಿಪಿ ಅಂತ ಲೇಔಟ್ ಬರತೈತಿ, ಅಂದ್ರ ಕನ್ನಡ ಗಣಕ ಪರಿಷತ್ತಿನದು, ನಮ್ಮ ನುಡಿ ಕೀಬೋರ್ಡ್. ಕ್ಯೂ ಒತ್ತಿದ್ರ ಟ, ಡಬ್ಲ್ಯೂ ಒತ್ತಿದ್ರ ಡ, ಒತ್ತಕ್ಷರಕ್ಕ ಎಫ್, ಎಲ್ಲಾ ಕೈಗೆ ಗೊತ್ತಿದ್ದದ್ದ. ಫಾಂಟಿಗೆ ಗುಬ್ಬಿ, ನವಿಲು, ಲೋಹಿತ್, ನೋಟೊ ಅದಾವ, ಪತ್ರಿಕೆಗೆ ಬೇಕಾಗೋ ಬಳ್ಳಿಬಳ್ಳಿ ಅಕ್ಷರ ಮಾತ್ರ ಯೂನಿಕೋಡಿನಾಗ ಇನ್ನೂ ಕಡಿಮಿ, ಅದಕ್ಕ ನನ್ನ ಪತ್ರಿಕೆ ಮಷಿನ್ ವಿಂಡೋಸ್ ಬಿಟ್ಟಿಲ್ಲ.

ಲಿನಕ್ಸ್ ಹಾಕೋದು, ಹಿಂದಕ್ಕ ಬರೋ ದಾರಿ ಇಟ್ಕೊಂಡು

ಯಾವ ಲಿನಕ್ಸ್ ಅಂತ ಕೇಳಿದ್ರ ನಾನು ಹೇಳೋದು ಲಿನಕ್ಸ್ ಮಿಂಟ್. ಕೆಳಗ ಎಡಕ್ಕ ಮೆನು, ವಿಂಡೋಸ್ ಬಳಸಿದವ್ರಿಗೆ ಹೊಸಾದು ಅನ್ನಿಸಂಗಿಲ್ಲ. ಈಗಿನ 22ರ ಸಾಲಿಗೆ 2029ರ ತನಕ ಅಪ್ಡೇಟ್ ಐತಿ. 4 ಜಿಬಿ ರ್‍ಯಾಮ್ ಮತ್ತ ಅದಕ್ಕಿಂತ ಹೆಚ್ಚಿದ್ರ ಮಿಂಟಿನಾಗ ಸಿನಮನ್ ಅನ್ನೋ ನಮೂನಿ, ಮಷಿನ್ ಸೊರಗಿದ್ದಾದ್ರ ಹಗುರಾದ ಎಕ್ಸ್‌ಎಫ್‌ಸಿಇ. ಅಪ್ಡೇಟ್ ಬಂದ್ರ ಮೂಲ್ಯಾಗ ಒಂದು ಗುರ್ತು ತೋರಿಸಿ ಸುಮ್ಮನ ಕುಂದರತೈತಿ, ನೀವು ಒತ್ತೋತನಕ ರೀಸ್ಟಾರ್ಟ್ ಅನ್ನಂಗಿಲ್ಲ.

ಮಿಂಟಿನ ಐಎಸ್‌ಒ ಫೈಲ್ (ಇನ್‌ಸ್ಟಾಲ್ ಮಾಡೋ ಫೈಲು) ಸುಮಾರು 3 ಜಿಬಿ ಆಗತೈತಿ, ಅದನ್ನ ಇಳಿಸ್ಕೊಂಡು, 8 ಜಿಬಿ ಪೆನ್‌ಡ್ರೈವಿಗೆ ರೂಫಸ್ ಇಲ್ಲಾ ವೆಂಟಾಯ್ ಅನ್ನೋ ಸಾಫ್ಟ್‌ವೇರಿನಿಂದ ಹಾಕ್ರಿ, ಪೆನ್‌ಡ್ರೈವಿನಾಗ ಇದ್ದಿದ್ದೆಲ್ಲಾ ಹೋಗತೈತಿ ಅನ್ನೋದು ನೆನಪಿರ್ಲಿ. ಮಷಿನ್ ಆನ್ ಮಾಡೋವಾಗ ಡೆಲ್, ಲೆನೊವೊ ಆದ್ರ ಎಫ್12, ಎಚ್‌ಪಿ ಆದ್ರ ಎಫ್9 ಒತ್ತಿ ಪೆನ್‌ಡ್ರೈವ್ ಆರಿಸ್ರಿ. ಇನ್‌ಸ್ಟಾಲ್ ಮಾಡ್ದೇನ ಲೈವ್ ಅಂತ ನಡೀತೈತಿ. ಅದರಾಗೇ ಒಂದು ತಾಸು ಕುಂತು ವೈಫೈ, ಸೌಂಡು, ಸ್ಕ್ಯಾನರು, ಪ್ರಿಂಟರು ಹಚ್ಚಿ ನೋಡ್ರಿ. ಎಚ್‌ಪಿ ಪ್ರಿಂಟರ್ ಬಹಳಷ್ಟು ತಾವಾಗೇ ಹತ್ತತಾವ, ಇಂಕ್ ಟ್ಯಾಂಕಿನವೂ ಹೆಚ್ಚಾಗಿ ತ್ರಾಸ ಕೊಡಂಗಿಲ್ಲ. ನಮ್ಮ ಕಡೆ ಅಂಗಡಿಗೊಂದು ಇರೋ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಮಾತ್ರ ಕ್ಯಾಪ್ಟ್ ಅನ್ನೋ ಬ್ಯಾರೆ ಡ್ರೈವರ್ ಕೇಳತೈತಿ, ಅದು ಕೂಡ್ಸೋದು ಹೊಸಬರಿಗೆ ಕಷ್ಟ. ಆ ಪ್ರಿಂಟರನ್ನ ವಿಂಡೋಸ್ ಮಷಿನ್ನಿಗೇ ಬಿಟ್ಟು, ಲಿನಕ್ಸಿನಾಗ ಪಿಡಿಎಫ್ ಮಾಡಿ ಅಲ್ಲಿಗೆ ಒಯ್ದು ಪ್ರಿಂಟ್ ಕೊಡೋದು ಸಲೀಸು.

ಎಲ್ಲಾ ಸರಿ ಅನ್ನಿಸ್ತು ಅಂದ್ರ ನನ್ನ ಸಲಹಿ, ಇದ್ದ ಹಾರ್ಡ್‌ಡಿಸ್ಕ್ ಮುಟ್ಟಬ್ಯಾಡ್ರಿ. ಒಂದ ಡಿಸ್ಕಿನಾಗ ಎರಡೂ ಇಡೋದು ಬರತೈತಿ, ಆದ್ರ ಪಾರ್ಟಿಷನ್ (ಡಿಸ್ಕಿನ ಪಾಲು) ಮಾಡೋವಾಗ ಒಂದು ತಪ್ಪು ಕ್ಲಿಕ್ಕಿಗೆ ಎಲ್ಲಾ ಹೋಗತೈತಿ, ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡೋದು ಮರೆತ್ರ ಲಿನಕ್ಸಿನಿಂದ ವಿಂಡೋಸಿನ ಕಡೆ ಫೈಲು ಬರಿಯಾಕ ಬಿಡಂಗಿಲ್ಲ. ಅದರ ಬದ್ಲಿ 256 ಜಿಬಿಯದೊಂದು ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿಗಿಂತ ಜೋರ ಓಡೋ ಡಿಸ್ಕ್) ತಗೊಂಡು, ಹಳೇ ಡಿಸ್ಕಿನ ಕೇಬಲ್ ಬಿಚ್ಚಿ, ಎಸ್‌ಎಸ್‌ಡಿಗೆ ಹಚ್ಚಿ ಅದಕ್ಕ ಮಿಂಟ್ ಹಾಕ್ರಿ. ಸಿಪಿಯು ಬಿಚ್ಚಿದಾಗ ಫ್ಯಾನಿನ ಧೂಳೂ ಬ್ರಷ್ಷಿನಿಂದ ತಗೀರಿ. ನನ್ನ ತೌಡಿನ ಮಷಿನ್ ಆನ್ ಆಗಾಕ ಐದು ನಿಮಿಷ ತಗೊಂತಿತ್ತು, ಈಗ ಗಿರಾಕಿ ಕುರ್ಚಿ ಎಳ್ಕೊಂಡು ಕುಂದ್ರೋದ್ರಾಗ ತಯಾರಾಗಿರತೈತಿ. ಅದರಾಗ ಲಿನಕ್ಸಿಗಿಂತ ಎಸ್‌ಎಸ್‌ಡಿ ಪಾಲು ದೊಡ್ಡದು ಅಂತ ಒಪ್ಕೋತೀನಿ.

ಹಾಕಿದ ಮೊದಲನೇ ದಿನ ಟೈಮ್‌ಶಿಫ್ಟ್ ಅನ್ನೋ ಆ್ಯಪ್ ಓಪನ್ ಮಾಡಿ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸಿಸ್ಟಮಿನ ನಕಲು) ಹಚ್ಚಿಡ್ರಿ, ಅಪ್ಡೇಟಿನಿಂದ ಏನರ ಕೆಟ್ರ ಹಿಂದಿನ ದಿನಕ್ಕ ಹೋಗಾಕ ಬರತೈತಿ, ಆದ್ರ ಅದು ಸಿಸ್ಟಮಿಗಷ್ಟ, ನಿಮ್ಮ ಫೈಲಿಗೆ ಬ್ಯಾರೆ ಬ್ಯಾಕಪ್ ಬೇಕ ಬೇಕು. ಆಮ್ಯಾಲ ಪೂರಾ ಅಪ್ಡೇಟ್ ಕೊಡ್ರಿ, ಕೆಜಿಪಿ ಕೀಬೋರ್ಡ್ ಕೂಡಸ್ರಿ, ನುಡಿ ಫಾಂಟ್ ಹಾಕ್ರಿ, ಬ್ರೌಸರಿನಾಗ ಬುಕ್‌ಮಾರ್ಕ್ ತರ್ರಿ.

ಬಿಚ್ಚಿದ ಹಳೇ ಡಿಸ್ಕನ್ನ ಮಾತ್ರ ಒರೆಸಬ್ಯಾಡ್ರಿ, ಮಾರಬ್ಯಾಡ್ರಿ. ಅದರಾಗ ನಿಮ್ಮ ವಿಂಡೋಸ್ ಇದ್ದಂಗೇ ಐತಿ, ಬ್ಯಾಡ ಅನ್ನಿಸಿದ್ರ ಕೇಬಲ್ ಬದಲಿಸಿದ್ರ ಆತು, ಹತ್ತು ನಿಮಿಷದ ಕೆಲಸ. ನಂದು ಒಂದು ಹಳೇ ಪತ್ರಿಕೆ ಕವರಿನಾಗ ಸುತ್ತಿ, ಮ್ಯಾಲೆ ತಾರೀಖು ಬರೆದು, ಗಲ್ಲಾಪೆಟ್ಟಿಗಿ ಕೆಳಗ ಇಟ್ಟೀನಿ. ಇಟ್ಟು ಐದು ಅಮಾಸಿ ಆತು, ಇನ್ನೂ ಬಿಚ್ಚಿಲ್ಲ.